ಸೊಂಟದವರೆಗಿನ ಗಂಡಸು

"ನಿಮಗೆ ಫ್ರೀ ಸಿಸ್ಟರ್, ಇವರು ಗಂಡಸು" ಅಂದ ಕಂಡಕ್ಟರ್.
ತೊಡೆಯ ಮೇಲೆ ರಬ್ಬರ್ ಗೊಂಬೆ. ಸೊಂಟದ ಕೆಳಗೇನೂ ಇಲ್ಲ.
ಏನೋ ಹೇಳಹೊರಟು ಮರೆತವನ ಹಾಗೆ ಅರೆತೆರೆದ ಬಾಯಿ.
"ಅರ್ಧ ಇದ್ದಾರೆ, ಹಾಫ್ ಹರೀಲಾ?"
ನಕ್ಕ. ಹರಿಯಲಿಲ್ಲ.

ಮಂಡಕ್ಕಿ ಭಟ್ಟಿಗಳ ಹಿಂದೆ ಹೈಸ್ಕೂಲು,
ಕಿಟಕಿ ಸರಳಿಗೂ ಮಸಿ.
ಒಂಬತ್ತನೇ ಬಿ. ಗೊಂಬೆಯನ್ನು ನೆಲಕ್ಕೆ ಮಲಗಿಸಿದ್ದೇ ತಡ
ಹೆಸರಿಟ್ಟರು: ತಿಪ್ಪೇಶಪ್ಪ ಮೇಷ್ಟ್ರು.
ಗಣಿತದ ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು, ಪಾಪ.

ಭುಜ ತಟ್ಟಿ. ಕೂಗಿ. ಉಸಿರು ನೋಡಿ.
ನೂರೆಂಟಕ್ಕೆ ಯಾರಾದ್ರೂ ಫೋನ್ ಮಾಡಿ ಅನ್ನಬೇಡಿ,
ಹೆಸರು ಹಿಡಿದು ಹೇಳಿ.
ಯಾರಾದರೂ ಎಂಬುವನು
ಯಾವ ಊರಲ್ಲೂ ಸಮಯಕ್ಕೆ ಬಂದಿಲ್ಲ.

ಎದೆಯ ನಟ್ಟನಡುವೆ ಅಂಗೈ ಬುಡ.
ಎರಡಿಂಚು ಒಳಗೆ, ಮತ್ತೆ ಪೂರಾ ಬಿಡಬೇಕು;
ಬಿಡುವುದೂ ಒತ್ತುವಷ್ಟೇ ಕೆಲಸ.
ಸರಿಯಾಗಿ ಒತ್ತಿದರೆ ಒಳಗೆ ಟಕ್ ಅನ್ನುತ್ತದೆ.
ಮೈಲಾರಿ ಹಿಟ್ಟು ನಾದಿದ ಹಾಗೆ ನಾದಿದ. ಟಕ್ ಇಲ್ಲ.
ಪಕ್ಕೆಲುಬು ಮುರಿದೀತೆಂದು ಹೆದರಿದಳು ಚಂದ್ರವ್ವ.
"ಮುರಿದರೆ ಕೂಡ್ಕೊಳ್ತದೆ. ಒತ್ತವ್ವ."

ಕೊನೆಗೆ ಮುಬೀನಾ.
ಮುಂಗೈ ತುಂಬ ಕಾದ ಮರಳು ಸಿಡಿದ ಹಳೆಯ ಚುಕ್ಕೆಗಳು.
ಟಕ್. ಟಕ್. ಟಕ್.
ಜರಡಿ ಆಡಿಸುವ ಲಯ ತೋಳಿಗೆ ಮೊದಲೇ ಗೊತ್ತಿತ್ತು.
ಮೂವತ್ತಾಯಿತು. ಅರವತ್ತು. ನೂರು ದಾಟಿತು.
ಸಾಕು ಎಂದೆ. ನಿಲ್ಲಲಿಲ್ಲ.
ಬೆಲ್ಲು ಹೊಡೆಯಿತು, ಹೊರಗೆ ಊಟದ ತಟ್ಟೆಗಳ ಸದ್ದು.
ನಗುತ್ತಿದ್ದವರು ಒಬ್ಬೊಬ್ಬರೇ ಸುಮ್ಮನಾದರು.

ತಲೆ ಎತ್ತದೆ, ಎಣಿಕೆಯ ನಡುವೆಯೇ ಹೇಳಿದಳು:
"ನಮ್ಮ ಅಬ್ಬಾಗೆ ಮೂಗಿಗೆ ಈರುಳ್ಳಿ ಹಿಡಿದ್ರು.
ಕೈಗೆ ಕೀಲಿ ಕೊಟ್ರು. ನೀರು ಚಿಮುಕಿಸಿದ್ರು.
ಇಡೀ ಗಲ್ಲಿ ಇತ್ತು ಸಿಸ್ಟರ್.
ಇದೊಂದು ಯಾರಿಗೂ ಗೊತ್ತಿರ್ಲಿಲ್ಲ."

ಗೊತ್ತಿದ್ದರೆ ಉಳೀತಿದ್ರಾ ಎಂದು ಕೇಳಿಯಾಳೆಂದು
ಇಪ್ಪತ್ತು ವರ್ಷದ ನೌಕರಿಯಲ್ಲಿ ಕಲಿತ ಉತ್ತರಗಳನ್ನೆಲ್ಲ ತಡಕಾಡಿದೆ.
ಕೇಳಲಿಲ್ಲ. ಕೈ ಒರೆಸಿಕೊಂಡು ಕೇಳಿದ್ದು ಇಷ್ಟೇ:
"ಇದನ್ನ ಎರಡು ದಿನ ಬಿಟ್ಟು ಹೋಗ್ತೀರಾ?
ರಾತ್ರಿ ಪಾಳಿಯೋರಿಗೆ ಹೇಳಿಕೊಡ್ಬೇಕು."

ಸ್ಟಾಕ್ ರಿಜಿಸ್ಟರಿನಲ್ಲಿ ಏನು ಬರೆಯುವುದೆಂದು
ಇಡೀ ದಾರಿ ಯೋಚಿಸಿದೆ, ಖಾಲಿ ತೊಡೆಯ ಮೇಲೆ ಕೈಯಿಟ್ಟುಕೊಂಡು.
ಅದೇ ಬಸ್ಸು, ಅದೇ ಕಂಡಕ್ಟರ್.
"ಎಲ್ರೀ ನಿಮ್ಮವರು?"

"ಭಟ್ಟಿಯಲ್ಲಿ ಕೆಲಸಕ್ಕೆ ಸೇರ್ಕೊಂಡ್ರು."