ಸುದ್ದಿ ಮುಟ್ಟದ ಕಾಲು

ಮರಳಿನ ಮೇಲೆ ಹೆಜ್ಜೆಗೊಂದು ಕೆಂಪು ಚುಕ್ಕೆ.
ಹಿಂದೆ ಬರುತ್ತಿದ್ದವಳು ನಾನು ಕಂಡೆ,
ಕಾಲಿನ ಯಜಮಾನನಿಗೆ ಗೊತ್ತಿಲ್ಲ.
ಕಲ್ವದ ಚಿಪ್ಪು ಅಂಗಾಲಲ್ಲಿ ಅರ್ಧ ಹುಗಿದಿತ್ತು,
ಬೊಮ್ಮಯ್ಯ ಹಾರವಾಡದ ದಂಡೆಯಲ್ಲಿ
ಬಂಗಡೆಯ ರೇಟು ಹೇಳುತ್ತ ನಡೆದೇ ಇದ್ದ.

ಇದೇ ಮನುಷ್ಯ ರಂಪಣಿಯ ದಿನಗಳಲ್ಲಿ
ದಿಬ್ಬದ ಮೇಲೆ ನಿಂತು, ನೀರಿನ ಬಣ್ಣ ನೋಡಿ
ಹೆಗಲ ಪಂಜಿ ಬೀಸಿದನೆಂದರೆ
ಎರಡೂ ಕಡೆಯ ಹಗ್ಗಕ್ಕೆ
ಎಂಬತ್ತು ಕೈ ಒಮ್ಮೆಗೇ ಬಿಗಿಯುತ್ತಿದ್ದವು.
ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ.
ಕೇಳಿ ಮುಗಿಯುವಷ್ಟರಲ್ಲಿ ಮೀನು ಇರುತ್ತಿರಲಿಲ್ಲ.

"ನರ ಅಂದರೆ ಅದೇ ಆಯಿ, ಅಪ್ಪನ ಪಂಜಿ"
ಅಂದಳು ಯೋಗಿತಾ, ಪಿಯುಸಿ ಪುಸ್ತಕ ತೊಡೆಯ ಮೇಲೆ.
ಕೆಂಡ ತಾಗಿದ ಬೆರಳು ಹಿಂದೆ ಸರಿಯುವುದು
ತಲೆಗೆ ಸುದ್ದಿ ಹೋಗುವ ಮೊದಲೇ,
ಬೆನ್ನುಹುರಿಯ ಅಪ್ಪಣೆಯಲ್ಲಂತೆ.
ಉರಿ ಆಮೇಲೆ. ಅಯ್ಯೋ ಎನ್ನುವುದು ಅದಕ್ಕೂ ಆಮೇಲೆ.
ನನಗಿದು ಹೊಸದಲ್ಲ.
ಬುಟ್ಟಿಯಲ್ಲಿ ಮುರಿದು ಬಿದ್ದ ಏಡಿಯ ಕೊಂಬು
ಮೈ ಇಲ್ಲದೆಯೂ ನನ್ನ ಬೆರಳು ಕಚ್ಚಿದ್ದಿದೆ.

"ಮತ್ತೆ ಹಾರ್ಮೋನು?" ಅಂದೆ.
ಅಂಕೋಲೆಯ ಡಾಕ್ಟರು ಆ ಶಬ್ದ ಹೇಳಿ
ಚೀಟಿ ಕೊಟ್ಟಿದ್ದರು, ಅರ್ಥ ಕೊಟ್ಟಿರಲಿಲ್ಲ.
ಚಿತ್ರ ತೋರಿಸಿದಳು: ಹೊಟ್ಟೆಯ ಹಿಂದೆ
ಒಣಮೀನಿನಂತೆ ಅಡ್ಡ ಮಲಗಿದ ಒಂದು ಗ್ರಂಥಿ.

ನನಗೆ ತವರಿನ ಗಜನಿ ನೆನಪಾಯಿತು.
ತೂಬಿನ ಹಲಗೆ ಎತ್ತಿದರೆ
ಭರತದ ನೀರು ಸದ್ದಿಲ್ಲದೆ ಒಳಗೆ ಬಂದು
ಎಲ್ಲ ಗದ್ದೆಗೂ ಒಂದೇ ಉಪ್ಪು ಹಂಚುತ್ತದೆ,
ಯಾರ ಹೆಸರನ್ನೂ ಕೂಗುವುದಿಲ್ಲ.
ಬೇರೆ ಭತ್ತ ಕರಟಿಹೋಗುವ ಆ ನೀರಲ್ಲಿ
ಕಗ್ಗ ಮಾತ್ರ ಕುತ್ತಿಗೆ ಎತ್ತಿ ನಿಲ್ಲುತ್ತದೆ.
"ಹೌದು ಹೌದು, ಹಾಗೇ" ಅಂದಳು ಮಗಳು,
"ರಕ್ತ ಎಲ್ಲರ ಮನೆ ಮುಂದೆಯೂ ಹರಿಯುತ್ತದೆ,
ಮಾತು ತಿಳಿಯುವುದು ಅದಕ್ಕೆ ಕಿವಿ ಇದ್ದವರಿಗೆ."

ಇವನ ಮೈಯಲ್ಲಿ ಮೊದಲು ಆ ಕಿವಿ ಮಂದವಾಯಿತು,
ಆಮೇಲೆ ತೂಬು ಕಾಯುವವನೇ ಸುಸ್ತಾಗಿ ಕೂತ.
ಒಳಗೆ ಕರೆಯುವವರಿಲ್ಲದ ಸಕ್ಕರೆ
ಹೊಸ್ತಿಲಲ್ಲಿ ನಿಂತೂ ನಿಂತೂ
ನರದ ತುದಿ ತಿಂದಿತು,
ಎಲ್ಲಕ್ಕಿಂತ ದೂರದ್ದನ್ನು ಮೊದಲು.
ಹೆಬ್ಬೆರಳು.

ಬಾವಿಕಟ್ಟೆಯಲ್ಲಿ ಗಾಯ ತೊಳೆಯುವಾಗ
ನನ್ನ ಸೆರಗು ತಾಗಿ ಮುಟ್ಟಿದರೆ ಮುನಿ
ಸಾಲು ಸಾಲಾಗಿ ಮಡಿಚಿಕೊಂಡಿತು.
ತಲೆಯಿಲ್ಲ, ನರವಿಲ್ಲ,
ಎಲೆಯ ಬುಡದಲ್ಲಿದ್ದ ನೀರು ಜಾಗ ಬಿಟ್ಟಿತು, ಅಷ್ಟೇ.
ಅವನೂ ಕಾಲು ಚಾಚಿ
ಉಳಿದೊಂದು ಗೆಲ್ಲನ್ನು ಹೆಬ್ಬೆರಳಲ್ಲಿ ಸವರಿದ.
ಎಲೆಗೆ ಗೊತ್ತಾಯಿತು.
ಬೆರಳಿಗೆ ಗೊತ್ತಾಗಲಿಲ್ಲ.
"ಕಂಡೆಯಾ, ನಾ ಬಂದದ್ದು ಇದಕ್ಕೆ ತಿಳೀತು" ಎಂದು ನಕ್ಕ.
ನನಗೆ ನಗು ಬರಲಿಲ್ಲ; ನೀರು ಹೊಯ್ದೆ.

ಮಂಚದ ಕೆಳಗೆ ಹುಲ್ಲಲ್ಲಿ ಅಡೆ ಹಾಕಿದ ಇಶಾಡು.
ಮೊನ್ನೆ ಒಂದೇ ಹಣ್ಣಾಗಿತ್ತು.
ಅದು ಕತ್ತಲಲ್ಲಿ ಪಕ್ಕದವಕ್ಕೆ ಏನು ಉಸುರಿತೋ,
ಇವತ್ತು ಕೈ ಹಾಕಿದರೆ ಎಲ್ಲವೂ ಮೆತ್ತಗೆ.
ಅದೂ ಹಾರ್ಮೋನೇ ಅಂತೆ, ಗಾಳಿಯಾಗಿ ತಿರುಗುವಂಥದ್ದು.
ಮನೆಯೆಲ್ಲ ಪರಿಮಳ.
ಬೊಮ್ಮಯ್ಯನ ಮೂಗಿಗೆ ಏನೂ ಆಗಿಲ್ಲ ನೋಡಿ,
ಮೂಗು ಸರಿಯಾಗಿಯೇ ಇದೆ.
"ಮೀನಿನ ಪೊರೆಯಷ್ಟು ತೆಳ್ಳಗೆ ಒಂದು ಹೋಳು" ಅಂದ.
ಮಗಳು ಬೆರಳು ಮಡಚಿ ಲೆಕ್ಕ ಹಾಕಿದಳು,
ನಾನು ಅವನ ಹೊಟ್ಟೆಯ ಚರ್ಮ ಚಿವುಟಿ ಹಿಡಿದು
ಸೂಜಿ ಚುಚ್ಚಿದೆ, ಹತ್ತರವರೆಗೆ ಎಣಿಸಿದೆ,
ಊಟಕ್ಕೆ ಒಂದು ಹಿಡಿ ಅನ್ನ ಕಡಿಮೆ ಮಾಡಿದೆ.
ಹೋಳನ್ನು ಮಾತ್ರ ಸ್ವಲ್ಪ ದಪ್ಪಗೇ ಕೊಯ್ದೆ.

ಈಗ ದಿನಾ ರಾತ್ರಿ ಟಾರ್ಚು ಹಿಡಿದು
ಅವನ ಅಂಗಾಲು ಓದುತ್ತೇನೆ,
ಬೆರಳ ಸಂದಿ, ಹಿಮ್ಮಡಿಯ ಬಿರುಕು, ಎಲ್ಲ.
ಇವತ್ತು ಎಡಗಾಲಲ್ಲಿ ಮರಳು, ಒಂದು ಮುಳ್ಳು.
ಪಿನ್ನಿನಲ್ಲಿ ಎಬ್ಬಿಸಿ ತೆಗೆಯುವಾಗ
ನನ್ನ ಹಲ್ಲು ಕಚ್ಚಿಕೊಂಡಿರಬೇಕು.
"ನೋವಾಯ್ತಾ?"
ಅಂತ ಅವನು
ನನ್ನನ್ನು ಕೇಳಿದ.