ಏಳನೆಯ ಬೋಲ್ಟು

ಸಲ್ಮಾಬಾದಿನ ಗ್ಯಾರೇಜು. ಆಗಸ್ಟಿನ ರಾತ್ರಿ ಹನ್ನೊಂದು.
ಶಟರು ಅರ್ಧಕ್ಕೆ ಎಳೆದಿದ್ದೇವೆ, ಆ ಅರ್ಧದ ಕೆಳಗಿಂದ
ರಸ್ತೆಯ ಕಾವು ನಾಯಿಯ ಹಾಗೆ ನುಸುಳಿ ಬಂದು
ಕಾಲ ಬಳಿ ಮಲಗಿದೆ.
ಅಬು ಯಾಕೂಬನ ಪಿಕಪ್ಪು ಬಾನೆಟ್ಟೆತ್ತಿ ನಿಂತಿದೆ,
ಹಿಂದಿನ ಪೆಟ್ಟಿಗೆಯಲ್ಲಿ ಇನ್ನೂ ಹಮೂರು ಮೀನಿನ ವಾಸನೆ.

ಬ್ಲಾಕಿನ ಮುಖ ಉಜ್ಜಿದ್ದಾಯಿತು. ಉಕ್ಕಿನ ಪಟ್ಟಿ ಅಡ್ಡ ಇಟ್ಟು
ಹಿಂದಿನಿಂದ ಟಾರ್ಚು ಹಿಡಿದು ನೋಡಿದೆ,
ಬೆಳಕು ಎಲ್ಲೂ ಸೋರಲಿಲ್ಲ.
‘ತೂತು ಊದಿದೆಯೇನೋ?’
‘ಊದಿದೆ ದೂಮಣ್ಣ.’
‘ಇನ್ನೊಮ್ಮೆ ಊದು.’
ತಳದಲ್ಲೊಂದು ಚಮಚ ಎಣ್ಣೆ ಉಳಿದರೂ ಸಾಕು,
ಬೋಲ್ಟು ಅದರ ಮೇಲೆ ಕೂತು
ಬಿಗಿಯಾದೆ ಎಂದು ಸುಳ್ಳು ಹೇಳುತ್ತದೆ,
ಇಲ್ಲವೇ ಬ್ಲಾಕನ್ನೇ ಸೀಳುತ್ತದೆ.

ತಸ್ಲೀಮ ಮೊನ್ನೆವರೆಗೆ ಮುಹರ್ರಕಿನ ಕೆಫೆಟೇರಿಯಾದಲ್ಲಿ
ಕಾವಲಿಯ ಮುಂದೆ ನಿಂತವನು. ಅವನಿಗೆ ಹೀಗೆ ಹೇಳಿಕೊಟ್ಟೆ:
ಇದು ನೀರುದೋಸೆಯಲ್ಲ, ಅಂಚಿನಿಂದ ನಡುವಿಗೆ ಬರಲು.
ಉದ್ದಿನ ದೋಸೆ ಎಂದುಕೋ.
ನಡುವೆ ಶುರು, ಆಮೇಲೆ ಎದುರು ಮೂಲೆಗೆ,
ಅಲ್ಲಿಂದ ಇದರ ಎದುರಿಗೆ, ಹಾಗೇ ಹರಡುತ್ತ ಹೋಗು.
ಅಂಚನ್ನು ಮೊದಲು ಕಚ್ಚಿಸಿದರೆ
ನಡು ಉಬ್ಬಿ ನಿಲ್ಲುತ್ತದೆ, ಆ ಉಬ್ಬಿನಲ್ಲಿ ನೀರು ದಾರಿ ಹುಡುಕುತ್ತದೆ.
ಅವನು ನಕ್ಕ. ಅರ್ಥವಾಯಿತು.

ಹೊಸ ಬೋಲ್ಟು ಯಾಕೆ, ಹಳೆಯವು ಚೆನ್ನಾಗೇ ಇವೆಯಲ್ಲ, ಎಂದ.

ಚೆನ್ನಾಗೇ ಇರುತ್ತವೆ, ನೋಡಲು.
ಒಮ್ಮೆ ಎಳೆಸಿಕೊಂಡು ಉದ್ದವಾದದ್ದು
ಮತ್ತೆ ಅದೇ ಪಟ್ಟು ಹಿಡಿಯುವುದಿಲ್ಲ.
ನನಗಿದನ್ನು ಒಂದು ಟ್ಯಾಕ್ಸಿ ಕಲಿಸಿತು.
ಹನ್ನೆರಡು ದಿನಾರು ಉಳಿಸಿದ್ದೆ, ಬುದ್ಧಿವಂತ ನಾನು.
ಹದಿನೇಳನೆಯ ದಿನ ಹಗ್ಗ ಕಟ್ಟಿ ಎಳೆದು ತಂದರು.
ಎಣ್ಣೆಯ ಮುಚ್ಚಳ ತೆರೆದರೆ ಒಳಗೆಲ್ಲ ಕರಕ್ ಚಹಾದ ಬಣ್ಣ.
ಜರ್ವಲಿ ಉಸ್ತಾದ ಬೈಯಲಿಲ್ಲ,
ಆ ಮುಚ್ಚಳ ನನ್ನ ಅಂಗೈಯಲ್ಲಿಟ್ಟು
‘ಕುಡಿ’ ಎಂದ.

ಮೊದಲ ಸುತ್ತು ಮೂವತ್ತು. ಹತ್ತೂ ಆಯಿತು.
ಎರಡನೆಯದು ಅರವತ್ತು. ರೆಂಚಿನ ಹಿಡಿಯನ್ನು
ನಿಧಾನ, ನಿಧಾನ ಎಳೆಯುತ್ತೇನೆ. ಟಕ್.
ಆ ಟಕ್ಕಿನ ಮೇಲೆ ಒಂದು ಕೂದಲೆಳೆ ಕೂಡ ಬೇಡ.
ನಾಲ್ಕು, ಟಕ್. ಐದು, ಟಕ್. ಆರು,
ಫೋನು ಬಡಿದುಕೊಂಡಿತು.
ತಸ್ಲೀಮ ನನ್ನ ಕಿವಿಗೆ ಹಿಡಿದ: ಅಬು ಯಾಕೂಬ.
ನಾಲ್ಕಕ್ಕೆ ಮೀನಿನ ಹರಾಜು, ಗಾಡಿ ಏನಾಯಿತು?
ಇನ್ಶಾಲ್ಲಾ, ಎಂದೆ.
ತಿರುಗಿ ನೋಡುತ್ತೇನೆ, ಹತ್ತು ತಲೆ, ಹತ್ತೂ ಒಂದೇ ಮುಖ.

‘ಏಳು ಆಗಿಲ್ಲ,’ ಎಂದ ಹುಡುಗ.
ನನ್ನ ತೋಳು ಆಗಿದೆ ಎನ್ನುತ್ತಿತ್ತು.
ರೆಂಚು ಹಾಕಿ ನೋಡಿದರೆ ತಿಳಿಯುವುದಿಲ್ಲವೇ?
ತಿಳಿಯುತ್ತದೆ, ಬಹುಶಃ.
ಬಹುಶಃ ಎಂಬ ಮಾತಿಗೆ ನಾನು ಒಮ್ಮೆ ಚಹಾ ಕುಡಿದವನು.
ಇನ್ನೂ ಡಿಗ್ರಿಯ ತಿರುವು ಕೊಟ್ಟಿರಲಿಲ್ಲ, ಅದೊಂದು ಪುಣ್ಯ.
‘ಬಿಚ್ಚು. ಹತ್ತೂ. ಅಂಚಿನಿಂದ ಒಳಗೆ.’
‘ಈಗ ನೀರುದೋಸೆಯಾ?’
‘ಹೌದು ಮಾರಾಯ, ಈಗ ನೀರುದೋಸೆ.’

ಈ ಸಲ ಅವನೇ ಎಣಿಸಿದ, ಜೋರಾಗಿ,
ಪ್ರತಿಯೊಂದು ಟಕ್ಕಿಗೂ ಬಿಳಿ ಬಣ್ಣದ ಒಂದು ಚುಕ್ಕೆ.
ಫೋನು ಮತ್ತೆರಡು ಸಲ ಬಡಿದುಕೊಂಡು ಸುಮ್ಮನಾಯಿತು.
ಕೊನೆಗೆ ತೊಂಬತ್ತು ಡಿಗ್ರಿ, ಒಂದೇ ಎಳೆತ, ನಡುವೆ ಉಸಿರಿಲ್ಲ.
ಬೆವರು ಹುಬ್ಬಿನಿಂದ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.
ಹತ್ತೂ ಚುಕ್ಕೆಗಳು ಗಾಡಿಯ ಮೂತಿಯ ಕಡೆಗೆ ಹೊರಳಿದವು,
ನೆರಳು ಬಿದ್ದೊಡನೆ ಮೀನಿನ ಹಿಂಡು ಹೊರಳುವ ಹಾಗೆ.

ಮೂರೂವರೆಗೆ ಅವನೇ ಬಂದ, ಮಂಜುಗಡ್ಡೆಯ ಚೀಲಗಳೊಂದಿಗೆ.
ಎಂಜಿನು ಹಿಡಿಯಿತು. ರೇಡಿಯೇಟರಿನ ಬಾಯಲ್ಲಿ ಗುಳ್ಳೆಯಿಲ್ಲ.
ಹತ್ತು ದಿನ ಬಿಟ್ಟು ಬಾ, ಎಂದೆ,
ಎಣ್ಣೆಯ ಮುಚ್ಚಳ ತೆರೆದು ನೋಡಬೇಕು.
ಅಷ್ಟರಲ್ಲಿ ಗಾಡಿ ಶಟರು ದಾಟಿತ್ತು.
ಹರಾಜಿಗೆ ಹೊತ್ತಾಗಿತ್ತು ಅವನಿಗೆ.