ಹಿಂದಿನ ನೆರಿಗೆ

ಗೋಣಿಕೊಪ್ಪದ ಮದುವೆ ಮಂಟಪ. ಏಪ್ರಿಲ್. ಕರೆಂಟಿಲ್ಲ.
ಬೊಳ್ಳಮ್ಮನ ಸೀರೆಗೆ ನೆರಿಗೆ ಹಿಡಿಯುತ್ತಿದ್ದೇನೆ,
ಪಿಯುಸಿಯಲ್ಲಿ ಅವಳಿಗೆ ಜೀವಶಾಸ್ತ್ರ ಕಲಿಸಿದವಳು.
ನಮ್ಮ ನೆರಿಗೆ ಬೆನ್ನ ಹಿಂದೆ;
ಉಟ್ಟವಳ ಕಣ್ಣಿಗೆ ಬೀಳದು.
ಅದಕ್ಕೇ ಇನ್ನೊಬ್ಬಳ ಕೈ ಬೇಕು.

“ಮಿಸ್, ಮಡಿಕೆ ಬೀಳೋ ಪ್ರೋಟೀನು ಅಂತ ಏನೋ ಪಾಠ ಇತ್ತಲ್ಲ?”
ಬಾಯಲ್ಲಿ ಪಿನ್ನು. ಹೂಂ ಅನ್ನುತ್ತೇನೆ.

ಇತ್ತು. ಉದ್ದನೆಯ ಎಳೆ,
ಸರಿಯಾಗಿ ಮಡಿಕೆ ಬಿದ್ದರಷ್ಟೇ ಅದಕ್ಕೊಂದು ಕೆಲಸ.
ಕಾವೇರಿದರೆ ಮಡಿಕೆ ಸಡಿಲ,
ಬಿಚ್ಚಿದ್ದು ಬಿಚ್ಚಿದ್ದಕ್ಕೆ ಅಂಟಿ
ಗಂಟು.
ಆಗ ಕೋಶದೊಳಗೆ ಓಡಿ ಬರುತ್ತಾರೆ ಬೋಜಕಾರ್ತಿಯರು,
ಕೊಡೆ ಹಿಡಿದು, ತೋಳು ಹಿಡಿದು,
ಮದುಮಗಳನ್ನು ನೂಕುನುಗ್ಗಲಿಗೆ ಬಿಡದೆ
ಮತ್ತೆ ಮಡಿಸುತ್ತಾರೆ.

ಅಡುಗೆಮನೆಯಿಂದ ಚಿಣ್ಣಪ್ಪನ ಕೂಗು:
“ಕಡಂಬುಟ್ಟು ಸಾಕು! ಹೊಸ ಒಲೆ ಹಚ್ಬೇಡಿ,
ಮೊದ್ಲು ಪಾತ್ರೆ ತೊಳೀರಿ!”
ಅದೂ ಪಾಠದಲ್ಲಿತ್ತು:
ಕಷ್ಟ ಬಂದಾಗ ಕೋಶ
ಹೊಸದನ್ನು ಮಾಡುವುದು ನಿಲ್ಲಿಸುತ್ತದೆ.

ಎಲ್ಲ ಗಂಟೂ ಬಿಡುವುದಿಲ್ಲ.
ಬೆಂದ ಮೊಟ್ಟೆಯ ಬಿಳಿ ಮತ್ತೆ ನೀರಾಗದು.
ಅಂಥದ್ದನ್ನು ಎಳೆದು ಮೂಲೆಗೊತ್ತಿ
ಚೂರು ಮಾಡಿ ಮತ್ತೆ ಬಳಸುತ್ತದೆ,
ನನ್ನ ಹರಿದ ಸೀರೆಯ ಜರಿ
ಇವಳ ರವಿಕೆಯ ತೋಳಾದಂತೆ.

ಕೆಲವನ್ನು ಅದೂ ಆಗುವುದಿಲ್ಲ.

ನಾಲ್ಕನೇ ನೆರಿಗೆ ಜಾರಿತು.
ಈಚೆಗೆ ನನ್ನ ಬಲಗೈ ಬೆರಳು
ಸುಮ್ಮನೆ ಕೂತಾಗಲೂ ನಡುಗುತ್ತದೆ.
ಯಾವ ಗಂಟೆಂದು ಮೈಸೂರಿನ ಡಾಕ್ಟರು ಹೇಳುವ ಮೊದಲೇ
ನನಗೆ ಗೊತ್ತಿತ್ತು.

ಬೊಳ್ಳಮ್ಮ ತಿರುಗಲಿಲ್ಲ.
ಕೈ ಮಾತ್ರ ಹಿಂದಕ್ಕೆ ಚಾಚಿ
ನನ್ನ ಬೆರಳ ಮೇಲೆ ಬೆರಳಿಟ್ಟು
ಜಾರಿದ್ದನ್ನು ಹಿಡಿದಳು.
“ಪಿನ್ನು ಕೊಡಿ, ಮಿಸ್.”